ಒಡಪಿನಲ್ಲಿ ಹೆಸರಿನ ಸ್ಥಾನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಸೀಮೆಗಳಲ್ಲಿ ಒಡಪು ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು, ಒಗಟು, ಮತ್ತೊಂದು, ಹೆಂಡತಿಯು ಗಂಡನ ಹೆಸರನ್ನು ಅಡಕಮಾಡಿ ಹೇಳುವ ಎರಡು ಸಾಲಿನ ಪ್ರಾಸಬದ್ಧವಾದ ಮಾತು. ಮೊದಲನೆಯದನ್ನು ನಮ್ಮ ವಿದ್ವಾಂಸರು ಸಾಹಿತ್ಯಪ್ರಕಾರವೆಂದು ಎಣಿಸಿರುವರು. ಎರಡನೆಯದನ್ನಾದರೋ ಮದುವೆಮನೆಯ ವಿನೋದವೆಂದು ಬದಿಗಿರಿಸುವುದೇ ಹೆಚ್ಚು. ಅದೂ ಒಂದು ಕಾವ್ಯಬಂಧವೇ, ಅದಕ್ಕೂ ತನ್ನದೇ ಆದ ನಿಯಮವಿದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶವು.

ಗಂಡನ ಹೆಸರನ್ನು ಬಾಯಲ್ಲಿ ಆಡಿದರೆ ಆತನ ಆಯುಷ್ಯವು ಕುಂದುವುದೆಂಬ ನಂಬಿಕೆ ಹಿಂದೆ ಬಲವಾಗಿದ್ದಿತು. ಆದರೆ ಹೊಸ ಸೊಸೆಯು ಮನೆ ತುಂಬುವಾಗ ನಾದಿನಿ ಹೊಸ್ತಿಲಿಗೆ ಅಡ್ಡಲಾಗಿ ನಿಂತು ಹೆಸರು ಕೇಳುವಳು; ಭೂಮದ ಊಟದಲ್ಲಿಯೂ ಕುಬಸದಲ್ಲಿಯೂ ತೊಟ್ಟಿಲ ಕಾರ್ಯದಲ್ಲಿಯೂ ಹೆಂಗಳೆಯರು ಸುತ್ತುವರಿದು ಕೇಳುವರು. ಹೇಳಬಾರದ ಹೆಸರನ್ನು ಹೇಳಲೇಬೇಕಾದ ಈ ಇಕ್ಕಟ್ಟಿನಲ್ಲಿ ಒಡಪು ಹುಟ್ಟಿತು. ಬರಿಯ ಮಾತಿನಲ್ಲಿ ನಿಷಿದ್ಧವಾದುದು ಪದ್ಯದಲ್ಲಿ ಗ್ರಾಹ್ಯವಾಯಿತು.

ಒಡಪು ಎಂಬ ಶಬ್ದಕ್ಕೆ ‘ಒಡೆ’ ಎಂಬ ಧಾತುವಿನೊಡನೆ ಸಂಬಂಧ ತೋರುತ್ತದೆ. ಒಗಟಿನಲ್ಲಿ ಮುಚ್ಚಿದುದನ್ನು ಕೇಳುವವನು ಒಡೆಯಬೇಕು. ಇಲ್ಲಿ ಹೇಳುವವಳೇ ಒಡೆಯುವಳು. ಭೀಮೆಯ ಆಚೆಯ ಮರಾಠಿಯಲ್ಲಿಯೂ ‘ಉಖಾಣಾ’ ಎಂಬ ಒಂದೇ ಶಬ್ದವು ಒಗಟಿಗೂ ಹೆಸರು ಹೇಳುವ ಪದ್ಯಕ್ಕೂ ಸಲ್ಲುತ್ತದೆ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಳಿಕೆಗಳಿಗೆ ಮೂರು ಉಪಯೋಗಗಳನ್ನು ಹೇಳಿದ್ದಾನೆ: ಕ್ರೀಡಾಗೋಷ್ಠಿಯ ವಿನೋದ, ಜನಸಂದಣಿಯಲ್ಲಿ ಗೂಢಸಂಭಾಷಣೆ, ಪರರನ್ನು ಭ್ರಮೆಗೊಳಿಸುವುದು. ಇವುಗಳಲ್ಲಿ ಮೊದಲಿನೆರಡೂ ಒಡಪಿಗೆ ಸಲ್ಲುವುವು. ನೆರೆದ ಜನರು ವಿನೋದವನ್ನು ಕೇಳುವರು. ಗಂಡನೊಬ್ಬನು ಅದರೊಳಗಿನ ಮಾತನ್ನು ಕೇಳುವನು.

ಹಾಗಾದರೆ ಒಳ್ಳೆಯ ಒಡಪು ಯಾವುದು? ವಿಮರ್ಶೆಗೆ ಒಂದು ಒರೆಗಲ್ಲು ಬೇಕು. ಹೆಸರನ್ನು ಬದಲಿಸಿದರೆ ಪದ್ಯವು ನಿಲ್ಲುವುದೋ ಬೀಳುವುದೋ ಎಂಬುದೇ ಆ ಒರೆಗಲ್ಲೆಂದು ನನ್ನ ಮತ. ಇದನ್ನು ವಿಶದಪಡಿಸಲು ಆಡುಮಾತಿನಲ್ಲಿ ನಾನೇ ಕಟ್ಟಿದ ಮೂರು ಮಾದರಿಗಳನ್ನು ಕೊಡುತ್ತೇನೆ. ಮೊದಲನೆಯದು:

ಹಿತ್ತಲದಾಗ ಹಬ್ಬೈತಿ ಹೀರಿಯ ಬಳ್ಳಿ,
ಶಂಕ್ರಪ್ಪನ ಹೆಸರ ಹೇಳೇನಿ, ಹಾದಿ ಬಿಡ ನಾದಿನಿ ಮಳ್ಳಿ.

ಇಲ್ಲಿ ಚೇಷ್ಟೆಯಿದೆ, ಸನ್ನಿವೇಶವಿದೆ. ಆದರೆ ಶಂಕ್ರಪ್ಪನಿಗೆ ಬದಲು ಸಿದ್ದಪ್ಪನನ್ನಿಟ್ಟರೂ ಯಾವ ಹಾನಿಯೂ ಇಲ್ಲ. ಹೆಸರು ಪದ್ಯಕ್ಕೆ ತೂಗುಹಾಕಿದ ವಸ್ತುವಾಗಿದೆ. ಎರಡನೆಯದು:

ಎಳ್ಳ ಹೂವಿಗಿ ಬಂದೈತಿ ಬೆಳ್ಳನ್ನ ಬಣ್ಣ,
ನನ್ನ ಬಾಳಿನ ಹೊಲಕ್ಕ ಒಡೆಯ ಮಲ್ಲಣ್ಣ.

ಇದರಲ್ಲಿ ಹೆಸರೇ ಪ್ರಾಸಸ್ಥಾನದಲ್ಲಿ ನಿಂತಿದೆ. ಸಿದ್ದಣ್ಣ ಎಂದರೆ ತುದಿಯ ಪ್ರಾಸವೇನೋ ಉಳಿದೀತು. ಎಳ್ಳು, ಬೆಳ್ಳಗಳ ನಾದಕ್ಕೆ ಓಗೊಟ್ಟ ‘ಮಲ್ಲ’ವು ಹೋದೀತು. ಕವಿತೆಯು ಹೆಸರಿನಿಂದ ಹಿಮ್ಮುಖವಾಗಿ ಹುಟ್ಟಿದೆಯೆಂಬುದು ಕಿವಿಗೇ ತಿಳಿಯುತ್ತದೆ. ಮೂರನೆಯದು:

ಹೊಳಿಯಾಗಿ ಹರದರ ಹೊಲದ ಬೆಳಿಗಿ ನೀರ,
ಬಾಳಿಗಿ ಜೊತಿಯಾದರ ಭೀಮಣ್ಣ ನನ್ನ ಮನಿಗಿ ಆಧಾರ.

ಇಲ್ಲಿ ಅರ್ಥವೂ ಹೆಸರಿಗೆ ಅಧೀನವಾಗಿದೆ. ಮೊದಲ ಸಾಲು ಹೊಳೆಯ ಹೆಸರನ್ನು ಹೇಳದೆ ಸೂಚಿಸಿ ಒಗಟಾಗಿ ನಿಂತಿದೆ. ಭೀಮಾತೀರದ ಕೇಳುಗರಿಗೆ ಎರಡನೆಯ ಸಾಲಿನ ಹೆಸರು ಆ ಒಗಟಿನ ಉತ್ತರವೂ ಆಗುತ್ತದೆ. ಒಡಪು ಎಂಬ ಶಬ್ದದ ಎರಡು ಅರ್ಥಗಳೂ ಇಲ್ಲಿ ಒಂದಾದುವು. ‘ಹೊಳಿ’, ‘ಬಾಳಿ’ಗಳ ಎರಡನೆಯ ಅಕ್ಷರವು ಳಕಾರವಾಗಿದ್ದು ಆದಿಪ್ರಾಸದ ಛಾಯೆಯೂ ಬಂದಿದೆ. ಪ್ರಾಸಾಕ್ಷರದ ಹಿಂದಿನ ಸ್ವರವು ಎರಡೂ ಕಡೆ ಹ್ರಸ್ವವಾಗಿ ಇಲ್ಲವೆ ದೀರ್ಘವಾಗಿ ಸಮವಾಗಿರಬೇಕೆಂಬ ಶಾಸ್ತ್ರನಿಯಮವು ಇಲ್ಲಿ ತಪ್ಪಿದೆಯಾದರೂ, ಆಡುವ ಬಾಯಿಯು ಅದನ್ನು ಲೆಕ್ಕಿಸುವುದಿಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ಹದಿನಾರು ಹದಿನೆಂಟರ ಹುಡುಗಿಯು ಪರಕೀಯರ ಹೊಸ್ತಿಲಲ್ಲಿ ನಾಚಿ ನಿಂತಿರುವಾಗ ಆಕೆಗೆ ತಾಯಿಯೋ ಅತ್ತಿಗೆಯೋ ಕಲಿಸಿಕೊಟ್ಟ ಸಿದ್ಧ ಪದ್ಯವೇ ಗತಿಯಾಗಿದ್ದಿತು. ಯಾರ ಹೆಸರಿಗಾದರೂ ಹೊಂದುವುದೇ ಅದರ ಗುಣವಲ್ಲವೆ? ಆಕ್ಷೇಪವು ನ್ಯಾಯವಾದುದು. ಮೊದಲನೆಯ ಬಗೆಯ ಒಡಪು ಬಹುಜನರ ಆಸರೆಯಾದುದರಿಂದಲೇ ಈ ಬಂಧವು ಬಾಳಿ ಬಂದಿತು. ಆದರೆ ಆಸರೆಯ ಗುಣ ಬೇರೆ, ಕಾವ್ಯದ ಗುಣ ಬೇರೆ. ನಾಲ್ಕು ಜನ ಮೆಚ್ಚಿ, ಇನ್ನೊಮ್ಮೆ ಹೇಳಿಸಿ ನಗುವುದು ಹೆಸರಿಗೂ ಪದ್ಯಕ್ಕೂ ಬೆಸುಗೆಯಾದಾಗ.

ಹೆಸರಿನಲ್ಲಿ ಮುಗಿಯುವ ಮಾತು ಈ ನೆಲಕ್ಕೆ ಹೊಸದಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ೧೨ನೆಯ ಶತಮಾನದ ಬಸವಣ್ಣನವರ ವಚನಗಳಿಗೆ ಕೂಡಲಸಂಗಮದೇವನೆಂಬುದು ಅಂಕಿತ. ಅಕ್ಕಮಹಾದೇವಿಯು ಪತಿಯೆಂದು ಕರೆದ ಚೆನ್ನಮಲ್ಲಿಕಾರ್ಜುನನೇ ಆಕೆಯ ಅಂಕಿತ. ಒಂದರಿಂದ ಮತ್ತೊಂದು ಬಂದಿತೆಂದು ನಾನು ಹೇಳುವುದಿಲ್ಲ. ವಚನದ ಅಂಕಿತಕ್ಕೆ ಪ್ರಾಸದ ಹಂಗಿಲ್ಲ, ಒಡಪಿಗೆ ಅದೇ ಪ್ರಾಣ. ಆದರೂ ಉತ್ತಮ ವಚನದ ಅಂಕಿತವನ್ನು ಕಿತ್ತು ಬೇರೊಂದನ್ನಿಟ್ಟರೆ ಧ್ವನಿಯೇ ಕೆಡುವಂತೆ, ಉತ್ತಮ ಒಡಪಿನ ಹೆಸರನ್ನೂ ಕದಲಿಸಲಾಗದು ಎಂಬಷ್ಟು ಸಾಮ್ಯವನ್ನು ಒಪ್ಪಬಹುದು.

ಭೀಮಾತೀರದ ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಪ್ರಕಟಿಸಿ ಬೀಸುವ ಕಲ್ಲಿನ ಮುಂದಣ ತ್ರಿಪದಿಯನ್ನು ವಿದ್ವತ್ಸಭೆಗೆ ತಂದರು. ತ್ರಿಪದಿಗೆ ನಾಗವರ್ಮನ ಛಂದೋಂಬುಧಿಯ ಬೆಂಬಲವೂ ಇದ್ದಿತು. ಒಡಪಿಗೆ ಗಣನಿಯಮವಿಲ್ಲದುದರಿಂದ ಆ ಮರ್ಯಾದೆ ದೊರೆಯಲಿಲ್ಲ. ಆದರೆ ಗಣವಿಲ್ಲದ ಮಾತ್ರಕ್ಕೆ ನಿಯಮವಿಲ್ಲವೆನ್ನಲಾಗದು. ಹೆಸರೇ ಇದರ ನಿಯಮ.

ಈಗ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿಯೂ ಗಂಡನ ಹೆಸರನ್ನು ಸರಾಗವಾಗಿ ಹೇಳುವ ಹೆಣ್ಣುಮಕ್ಕಳು ಬಹಳ. ಇದು ಒಳ್ಳೆಯದೇ, ನಿಷೇಧವನ್ನು ಕವಿತೆಗಾಗಿ ಉಳಿಸಿಕೊಳ್ಳಬೇಕಾಗಿಲ್ಲ. ಆದರೆ ನಿಷೇಧವು ಸಡಿಲಿದ ಮೇಲೆ ಒಡಪನ್ನು ನಿಲ್ಲಿಸುವುದು ಕಟ್ಟುವ ಕೌಶಲವೊಂದೇ. ಹೆಸರಿನ ಸ್ಥಳದಲ್ಲಿ ಬರಿಯ ಗೆರೆಯೆಳೆದ ಸಿದ್ಧ ಒಡಪುಗಳು ಮೊಬೈಲಿನಲ್ಲಿ ಹರಿದಾಡುತ್ತಿರುವ ಈ ಕಾಲದಲ್ಲಿ ಆ ಕೌಶಲಕ್ಕೇ ಕೊರತೆ ಬರುವ ಭಯವಿದೆ. ಎಲ್ಲರ ಹೆಸರಿಗೂ ಸಲ್ಲುವ ಪದ್ಯದಲ್ಲಿ ಯಾರ ಹೆಸರೂ ಇಲ್ಲ.

ಆದುದರಿಂದ ಸಂಗ್ರಾಹಕರಲ್ಲಿ ಒಂದು ಬಿನ್ನಹ: ಒಡಪನ್ನು ಬರೆದುಕೊಳ್ಳುವಾಗ ಹೆಸರನ್ನು ಬಿಟ್ಟು ಬಿಂದುಗಳನ್ನಿಡಬಾರದು. ಹೇಳಿದವಳು ಅನುಮತಿಸದಿದ್ದರೆ ಅದೇ ನಾದದ ಬೇರೊಂದು ಹೆಸರನ್ನಾದರೂ ಇಟ್ಟು, ಹೇಳಿದ ಸಂದರ್ಭವನ್ನು ಜೊತೆಗೆ ಕಾಣಿಸಬೇಕು. ಉಪಾಧ್ಯಾಯರು ಪ್ರಾಸಪಾಠದಲ್ಲಿ ವಿದ್ಯಾರ್ಥಿಗಳಿಗೆ ಒಂದೊಂದು ಹೆಸರನ್ನು ಕೊಟ್ಟು, ಆ ಹೆಸರಿಲ್ಲದೆ ನಿಲ್ಲಲಾರದ ಎರಡು ಸಾಲುಗಳನ್ನು ಕಟ್ಟಿಸಿ ನೋಡಲಿ. ಹೊಸ್ತಿಲಲ್ಲಿ ನಿಂತು ಅದನ್ನು ಕಟ್ಟಿದವರ ಪ್ರತಿಭೆ ಎಷ್ಟಿತ್ತೆಂಬುದು ಆಗ ತಾನಾಗಿಯೇ ತಿಳಿಯುವುದು.