ವೀರಗಲ್ಲೂ ವಿಶ್ರಾಂತಿಯೂ

ಹೋದ ವರ್ಷ ತರಗತಿಯಲ್ಲಿ ಆತಕೂರಿನ ಶಾಸನವನ್ನು ಪಾಠ ಮಾಡುತ್ತಿದ್ದೆ. ಸಕಲೇಶಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಆ ನಾಯಿ ಹಂದಿಯೊಡನೆ ಕಾದಾಡಿ ಸಾಯದೆ, ಮುದಿಯಾಗಿ ಜಗಲಿಯ ಮೂಲೆಯಲ್ಲಿ ಬಿದ್ದುಕೊಂಡು ಸತ್ತಿದ್ದರೆ ಅದಕ್ಕೆ ಕಲ್ಲು ನೆಡುತ್ತಿದ್ದರೆ?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಗಂಟೆ ಬಾರಿಸಿ ನನ್ನ ಮಾನ ಉಳಿಯಿತು. ಆದರೆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಸಾಹಿತ್ಯ ವಿಮರ್ಶೆ ಕೇಳಬೇಕಾದ ಪ್ರಶ್ನೆಯೇ ಅದು ಎಂದು ಈಗ ನನಗೆ ತೋರುತ್ತಿದೆ.

ಶಾಸನದ ಕಥೆ ಹಲವರಿಗೆ ತಿಳಿದದ್ದೇ. ಕ್ರಿ. ಶ. 949ರಲ್ಲಿ ತಕ್ಕೋಲದ ಯುದ್ಧ ನಡೆಯಿತು. ಅಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆಂದ. ಮಣಲೇರ ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದ. ಆ ನಾಯಿ ಮುಂದೆ ಕಾಡುಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತುವು. ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಂತಿತು, ಭೂಮಿಯ ದತ್ತಿಯಾಯಿತು. ಕಲ್ಲನ್ನು ಪೂಜಿಸದೆ ಉಂಡರೆ ಗೊರವನಿಗೆ ಪಾಪ ತಟ್ಟುವುದೆಂಬ ಕಟ್ಟಳೆಯೂ ಆಯಿತು. ನಾಯಿಯೂ ಹಂದಿಯೂ ಸೆಣಸುವ ಚಿತ್ರವುಳ್ಳ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚಕ್ರವರ್ತಿಯ ಯುದ್ಧವನ್ನೂ ಒಂದು ನಾಯಿಯ ಕಾದಾಟವನ್ನೂ ಒಂದೇ ಕಲ್ಲಿನಲ್ಲಿ ಹೇಳಿದ ಹಿರಿಮೆ ನಮ್ಮ ಭಾಷೆಯದು. ಇದನ್ನು ನಾನು ಇಪ್ಪತ್ತು ವರ್ಷಗಳಿಂದ ಹೆಮ್ಮೆಯಿಂದಲೇ ಪಾಠ ಹೇಳಿಕೊಂಡು ಬಂದಿದ್ದೇನೆ.

ಆದರೆ ಆ ಹುಡುಗಿಯ ಕಣ್ಣಿನಿಂದ ಮತ್ತೆ ಓದಿದರೆ ಒಂದು ಕೊರತೆ ಕಾಣುತ್ತದೆ. ಕಾಳಿ ಕೆಲಸದಲ್ಲಿರುವಾಗ ಸತ್ತಿತು, ಆದ್ದರಿಂದ ಕಲ್ಲಾಯಿತು. ದುಡಿದು, ಬದುಕಿ ಉಳಿದು, ಯಾರಿಗೂ ಬೇಡವಾದ ಪ್ರಾಣಿಯ ವಿಷಯದಲ್ಲಿ ನಮ್ಮ ಕಲ್ಲು ಮೂಕವಾಗಿದೆ.

ಆಕೆ ಸಕಲೇಶಪುರದ ಕಡೆಯವಳಾದುದು ಆಕಸ್ಮಿಕವಲ್ಲವೆಂದು ಕಾಣುತ್ತದೆ. ಅದೇ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ 2023ರ ಡಿಸೆಂಬರ್ 4ರಂದು ಅರ್ಜುನನೆಂಬ ಆನೆ ಕಾಡಾನೆಯ ದಾಳಿಗೆ ಸಿಕ್ಕಿ ಸತ್ತಿತು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆ ಅದು. ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದೆಂದು ಅದನ್ನು ಅಂಬಾರಿಯಿಂದ ಬಿಡಿಸಿದರು. ಪತ್ರಿಕೆಗಳು ‘ನಿವೃತ್ತಿ’ ಎಂದು ಬರೆದುವು. ಆದರೆ ಆಲೂರು, ಸಕಲೇಶಪುರದ ತೋಟಗಳಲ್ಲಿ ಕಾಡಾನೆಗಳ ಹಾವಳಿ ಹೆಚ್ಚಿದಾಗ ಆ ನಿವೃತ್ತನನ್ನೇ ಮತ್ತೆ ಕರೆದರು. ತುಳಿತಕ್ಕೆ ಸಿಕ್ಕಿ ಸಾಯುವ ಕೂಲಿಕಾರರ ಸಂಕಟವನ್ನು ಬಲ್ಲವರು ಆ ಅಗತ್ಯವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ನನ್ನ ತಕರಾರು ಅಗತ್ಯದ ಬಗೆಗಲ್ಲ, ನಾವು ಬಳಸಿದ ಮಾತಿನ ಬಗೆಗೆ.

ಅರ್ಜುನ ಸತ್ತ ವಾರದಲ್ಲಿ ನಾಡೇ ಕವಿಯಾಯಿತು. ‘ಹುತಾತ್ಮ’, ‘ವೀರಮರಣ’, ‘ಕರ್ತವ್ಯನಿಷ್ಠೆ’ ಎಂಬ ಪದಗಳು ಪದ್ಯಗಳಲ್ಲಿಯೂ ಭಾಷಣಗಳಲ್ಲಿಯೂ ಧಾರಾಳವಾಗಿ ಹರಿದುವು. ಆ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಆದರೆ ಕರ್ತವ್ಯವೆಂಬುದು ಒಪ್ಪಿಕೊಂಡವನಿಗೆ ಇರುವಂಥದು. 1968ರಲ್ಲಿ ಕಾಕನಕೋಟೆಯ ಕಾಡಿನಲ್ಲಿ ಸೆರೆಸಿಕ್ಕ ಮರಿಯಾನೆ ಏನನ್ನು ಒಪ್ಪಿಕೊಂಡಿತ್ತು? ನಮ್ಮ ಕೆಲಸವನ್ನು ಅದರ ಧರ್ಮವೆಂದು ಕರೆದ ಮೇಲೆ, ನಾವು ತೀರಿಸಬೇಕಾದ ಸಾಲ ನಮಗೆ ಕಾಣದಾಗುತ್ತದೆ. ಶೋಕಗೀತೆಯ ದೊಡ್ಡ ದೋಷವೇ ಇದು. ಅದು ಸಾಲಗಾರನನ್ನು ಭಕ್ತನನ್ನಾಗಿ ಮಾಡಿಬಿಡುತ್ತದೆ.

ಈ ‘ನಿವೃತ್ತಿ’ ಎಂಬ ಪದವನ್ನು ಪ್ರಾಣಿಗಳಿಗೆ ಗಂಭೀರವಾಗಿ ಬಳಸಿದ ಬರಹವೊಂದನ್ನು ಹುಡುಕಿ ಹೊರಟಾಗ ನನಗೆ ಸಿಕ್ಕಿದ್ದು ಕಾವ್ಯವಲ್ಲ, ಅಮೆರಿಕದ ಒಂದು ಕಾನೂನು. ಅದರ ಹಿನ್ನೆಲೆ ಹೀಗಿದೆ. ಚಿಂಪಾಂಜಿಗಳನ್ನು ಅಲ್ಲಿ ದಶಕಗಳ ಕಾಲ ಪ್ರಯೋಗಗಳಿಗೆ ಬಳಸಿದರು. 1961ರ ಜನವರಿಯಲ್ಲಿ ಹ್ಯಾಮ್ ಎಂಬ ಚಿಂಪಾಂಜಿ ಮನುಷ್ಯನಿಗಿಂತ ಮೊದಲು ಬಾಹ್ಯಾಕಾಶಕ್ಕೆ ಹೋಗಿ ಜೀವಸಹಿತ ಮರಳಿತು. ಮೆರವಣಿಗೆಯ ಕಾಲ ಮುಗಿದ ಮೇಲೆ, 1963ರಿಂದ 1980ರವರೆಗೆ, ವಾಷಿಂಗ್ಟನ್ನಿನ ಮೃಗಾಲಯದಲ್ಲಿ ಒಂಟಿಯಾಗಿ ಕಾಲ ಕಳೆಯಿತು. ಹೆಪಟೈಟಿಸ್ ಲಸಿಕೆಯ ಪರೀಕ್ಷೆಗೂ ಚಿಂಪಾಂಜಿಗಳೇ ಬೇಕಾದುವು. ಏಡ್ಸ್ ರೋಗದ ಅಧ್ಯಯನಕ್ಕೆಂದು 1986ರಲ್ಲಿ ಅವುಗಳ ಸಂತತಿಯನ್ನೇ ಬೆಳೆಸತೊಡಗಿದರು. ಸೋಂಕು ತಗಲಿಸಿದರೂ ಅವುಗಳಿಗೆ ಆ ರೋಗ ಮನುಷ್ಯರಿಗೆ ಬರುವಂತೆ ಬರಲಿಲ್ಲ. ಕೆಲಸಕ್ಕೆ ಬಾರದ ನೂರಾರು ಚಿಂಪಾಂಜಿಗಳು ಪಂಜರಗಳಲ್ಲಿ ಉಳಿದುವು. ಚಿಂಪಾಂಜಿಯ ಆಯುಷ್ಯವೋ ಐವತ್ತು ವರ್ಷ ಮುಟ್ಟಬಲ್ಲದು. ಕಾಡಿಗೆ ಬಿಡೋಣವೆಂದರೆ ಅವುಗಳಿಗೆ ಕಾಡು ಗೊತ್ತಿಲ್ಲ, ಮೈಯಲ್ಲಿ ಸೋಂಕು ಬೇರೆ.

2000ದ ಡಿಸೆಂಬರಿನಲ್ಲಿ ಅಲ್ಲಿಯ ಸಂಸತ್ತು ಇವುಗಳಿಗಾಗಿ ಕಾನೂನು ಮಾಡಿತು. ಕೆಲಸ ಮುಗಿದ ಚಿಂಪಾಂಜಿಗಳಿಗೆ ಆಶ್ರಯಧಾಮ ಬೇಕು. ಅದನ್ನು ನಡೆಸುವ ವೆಚ್ಚದ ಮುಕ್ಕಾಲು ಪಾಲನ್ನು ಸರ್ಕಾರ ಕೊಡಬೇಕು. ಲೂಸಿಯಾನ ರಾಜ್ಯದ ಕೀತ್‌ವಿಲ್ ಎಂಬಲ್ಲಿ ‘ಚಿಂಪ್ ಹೇವನ್’ ಎಂಬ ಧಾಮ ಏರ್ಪಟ್ಟು, 2005ರಲ್ಲಿ ಮೊದಲ ನಿವಾಸಿಗಳು ಬಂದುವು. ಜೀವಮಾನವೆಲ್ಲ ಕಬ್ಬಿಣ, ಸಿಮೆಂಟುಗಳ ಮೇಲೆ ಕಳೆದ ಚಿಂಪಾಂಜಿಗಳು ಇಂಥ ಧಾಮಗಳಲ್ಲಿ ಹುಲ್ಲಿನ ಮೇಲೆ ಕಾಲಿಡಲು ಹೆದರಿದುವಂತೆ.

ಎಲ್ಲವೂ ಸರಿ. ಆದರೆ ಆ ಮೊದಲ ಕಾನೂನಿನಲ್ಲಿ ಒಂದು ಬಿರುಕಿತ್ತು: ತೀರ ಅಗತ್ಯ ಬಿದ್ದರೆ ನಿವೃತ್ತ ಚಿಂಪಾಂಜಿಯನ್ನು ಪ್ರಯೋಗಕ್ಕೆ ಹಿಂದಕ್ಕೆ ಕರೆಸಿಕೊಳ್ಳಬಹುದು! ಅರ್ಜುನನ ನಿವೃತ್ತಿಯೂ ಇದೇ ಜಾತಿಯದಲ್ಲವೆ? 2007ರ ಡಿಸೆಂಬರಿನಲ್ಲಿ ಆ ಷರತ್ತನ್ನು ತೆಗೆದುಹಾಕಲೆಂದೇ ಇನ್ನೊಂದು ಕಾನೂನು ಬಂತು. ಧಾಮವೇ ಇನ್ನು ಮನೆ ಎಂಬುದು ಅದರ ಹೆಸರಿನ ಅರ್ಥ. 2015ರಲ್ಲಿ ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ತನ್ನಲ್ಲಿ ಉಳಿದ ಎಲ್ಲ ಚಿಂಪಾಂಜಿಗಳೂ ನಿವೃತ್ತಿಗೆ ಅರ್ಹವೆಂದು ಸಾರಿತು. ಸಾಹಿತ್ಯದ ಮಾಸ್ತರನಾಗಿ ನನಗೆ ಮೆಚ್ಚಿಕೆಯಾದದ್ದು ಈ ತಿದ್ದುಪಡಿ. ಹೊಸ ವಿಶೇಷಣವನ್ನು ಸೇರಿಸದೆ, ಇದ್ದ ಒಂದು ಷರತ್ತನ್ನು ಹೊಡೆದುಹಾಕಿ, ಒಂದು ಪದಕ್ಕೆ ಅದರ ಅರ್ಥವನ್ನು ಮರಳಿ ಕೊಟ್ಟ ತಿದ್ದುಪಡಿ ಅದು.

ಅಲ್ಲಿಯೂ ಎಲ್ಲವೂ ಸುಸೂತ್ರವಾಗಲಿಲ್ಲ. ನ್ಯೂ ಮೆಕ್ಸಿಕೋದಲ್ಲಿದ್ದ ಕೆಲವು ಮುದಿ ಚಿಂಪಾಂಜಿಗಳನ್ನು, ಪ್ರಯಾಣ ತಡೆಯಲಾರವೆಂಬ ಕಾರಣದಿಂದ, ಇದ್ದಲ್ಲಿಯೇ ಇರಿಸಲು 2019ರಲ್ಲಿ ನಿರ್ಧರಿಸಿದರು. ಇದು ಕಾನೂನಿಗೆ ವಿರುದ್ಧವೆಂದು 2022ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಲೈಬೀರಿಯದಲ್ಲಂತೂ, ಪ್ರಯೋಗ ಮುಗಿದ ಮೇಲೆ ನದಿಯ ದ್ವೀಪಗಳಲ್ಲಿ ಬಿಟ್ಟಿದ್ದ ಚಿಂಪಾಂಜಿಗಳ ಊಟದ ಹಣವನ್ನು ನ್ಯೂಯಾರ್ಕಿನ ರಕ್ತನಿಧಿ ಸಂಸ್ಥೆ 2015ರಲ್ಲಿ ನಿಲ್ಲಿಸಿಬಿಟ್ಟಿತು. ಲೋಕವೆಲ್ಲ ಛೀ ಎಂದ ಮೇಲೆ, 2017ರಲ್ಲಿ, ಅರುವತ್ತು ಲಕ್ಷ ಡಾಲರು ಕೊಡಲು ಒಪ್ಪಿತು. ಶ್ರೀಮಂತಿಕೆಗೂ ಕೃತಜ್ಞತೆಗೂ ನಂಟಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

“ಮನುಷ್ಯರಿಗೇ ಪಿಂಚಣಿಯಿಲ್ಲದ ನಾಡಿನಲ್ಲಿ ಪ್ರಾಣಿಗಳಿಗೆ ನಿವೃತ್ತಿಯೆ?” ಎಂದು ಓದುಗರು ಕೇಳಬಹುದು. ಈ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮ ಮನೆಯಲ್ಲಿಯೇ. ನನ್ನೂರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಎಡಗಡೆಯ ಎತ್ತು ರಾಮನಿಗೆ ಮುಪ್ಪು ಬಂತು. ಹೆಗಲು ಕಾಯಿಗಟ್ಟಿತ್ತು, ಉಳುವಾಗ ಮಂಡಿಯೂರುತ್ತಿತ್ತು. ಅದೊಂದು ಬರದ ವರ್ಷ. “ಇರೋ ಹುಲ್ಲು ಉಳೋ ಎತ್ತಿಗೇ ಸಾಲದು ಮಗ, ನಿಂತು ತಿನ್ನೋದಕ್ಕೆ ಎಲ್ಲಿಂದ ತರಲಿ?” ಎಂದು ಅಪ್ಪ ಅದನ್ನು ಸಂತೆಗೆ ಹೊಡೆದುಕೊಂಡು ಹೋದರು. ಹಗ್ಗದೊಡನೆ ಬರಿಗೈಯಲ್ಲಿ ಹಿಂದಿರುಗಿ, ಆ ರಾತ್ರಿ ಊಟ ಮಾಡಲಿಲ್ಲ. ಆ ವರ್ಷದ ನನ್ನ ಪರೀಕ್ಷೆಯ ಫೀಜು ಆ ಹಣದಿಂದಲೇ ಕಟ್ಟಿದ್ದೆಂದು ಅವ್ವ ಬಹಳ ದಿನಗಳ ಮೇಲೆ ಹೇಳಿದಳು.

ಅಪ್ಪನನ್ನು ನಾನು ದೂರಲಾರೆ. ದೂರಲು ನನಗೆ ಹಕ್ಕಿಲ್ಲ. ಆದರೆ ಅವರು ಸುಳ್ಳು ಮಾತನಾಡಲಿಲ್ಲವೆಂಬುದನ್ನು ಮಾತ್ರ ಗಮನಿಸಬೇಕು. ರಾಮ ‘ನಿವೃತ್ತ’ನಾದನೆನ್ನಲಿಲ್ಲ, ಕಲ್ಲು ನೆಡಲಿಲ್ಲ, ಮಾರಿದೆ ಎಂದರು, ಉಪವಾಸ ಮಲಗಿದರು. ಒಬ್ಬ ಒಕ್ಕಲಿಗನ ಕೈಯಲ್ಲಿ ಆಗದುದು ಒಂದು ಸರ್ಕಾರದ ಕೈಯಲ್ಲಿ ಆಗಬೇಕು. ಎಂಟು ದಸರೆಗಳ ವೈಭವವನ್ನು ಉಂಡ ನಾಡಿಗೆ, ಇನ್ನೆಂದೂ ಕರೆಯುವುದಿಲ್ಲವೆಂದು ಬರೆದುಕೊಟ್ಟು ಒಂದು ಆನೆಗೆ ಸೊಪ್ಪು ನೀರು ಒದಗಿಸುವ ಶಕ್ತಿ ಇಲ್ಲವೆ? ಸ್ಮಾರಕ ಕಟ್ಟುವ ಉತ್ಸಾಹದಲ್ಲಿ ಈ ಒಂದು ಸಾಲನ್ನು ಯಾರಾದರೂ ನಿಯಮದಲ್ಲಿ ಸೇರಿಸಿದರೆ, ಆಗ ಬಂದ ಪದ್ಯಗಳೆಲ್ಲಕ್ಕಿಂತ ಅದು ಹೆಚ್ಚಿನ ಬರಹವಾದೀತು.

ಈ ವರ್ಷವೂ ಆತಕೂರಿನ ಪಾಠ ಬರುತ್ತದೆ. ಆ ಹುಡುಗಿ ಪದವಿ ಮುಗಿಸಿ ಹೋಗಿದ್ದಾಳೆ. ಅವಳ ಪ್ರಶ್ನೆಯನ್ನು ಈ ಸಲ ನಾನೇ ತರಗತಿಗೆ ಕೇಳುತ್ತೇನೆ. ಗಂಟೆ ಬಾರಿಸುವುದಕ್ಕೆ ಸಾಕಷ್ಟು ಮೊದಲೇ.