ಜಗ್ಗಾಟದ ಹುಮ್ಮಸ್ಸು, ಪಿನ್ನಿನ ಉದಾಸೀನ

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಈಗ ಕುಸ್ತಿಯ ಜೊತೆಗೆ ಟ್ರ್ಯಾಕ್ಟರ್ ಸ್ಪರ್ಧೆಗೂ ಜನ ಮುಗಿಬೀಳುತ್ತಾರೆ. ಟ್ರೇಲರ್ ಕಟ್ಟಿಕೊಂಡು ಹಿಮ್ಮುಖವಾಗಿ ಓಡಿಸುವುದು ಒಂದು ಬಗೆ. ಎರಡು ಟ್ರ್ಯಾಕ್ಟರ್‌ಗಳನ್ನು ಬೆನ್ನಿಗೆ ಬೆನ್ನು ಹಚ್ಚಿ, ನಡುವೆ ಸರಪಳಿ ಬಿಗಿದು ಜಗ್ಗಾಡಿಸುವುದು ಇನ್ನೊಂದು. ಮೊದಲನೆಯದು ಅಪ್ಪಟ ಕಸುಬು. ರಿವರ್ಸ್‌ನಲ್ಲಿ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಎರಡು ಗಾಲಿಯ ಟ್ರೇಲರ್ ಬಲಕ್ಕೆ ಹೋಗುತ್ತದೆ. ನಾಲ್ಕು ಗಾಲಿಯದಾದರೆ ಈ ಲೆಕ್ಕವೂ ಉಲ್ಟಾ. ಕತ್ತು ಹಿಂದೆ ತಿರುಗಿಸಿಕೊಂಡು, ಸುಣ್ಣದ ಗೆರೆ ಮುಟ್ಟದಂತೆ ಅದನ್ನು ಓಡಿಸುವ ಹುಡುಗರ ಕೈಗೆ ಯಾವ ಡ್ರೈವಿಂಗ್ ಶಾಲೆಯೂ ಸಮನಲ್ಲ. ಎರಡನೆಯದರ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಅಲ್ಲಿ ಮುಂದಿನ ಗಾಲಿ ನೆಲ ಬಿಟ್ಟು ಮೇಲೆದ್ದ ಕೂಡಲೇ ಶಿಳ್ಳೆ ಬೀಳುತ್ತದೆ. ಹೊಲದಲ್ಲಿ ಅದೇ ಗಾಲಿ ಎದ್ದರೆ ಚಾಲಕ ಬದುಕುವುದು ಕಷ್ಟ.

ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲದಲ್ಲಿ ಒಂದು ಅಡ್ಡಮಳೆ ಬಿದ್ದರೂ ಸಾಕು, ಹೇರಿದ ಟ್ರೇಲರ್ ಅಚ್ಚಿನವರೆಗೆ ಹೂತುಕೊಳ್ಳುತ್ತದೆ. ಆಗ ಮತ್ತೊಂದು ಟ್ರ್ಯಾಕ್ಟರ್ ತಂದು, ಕೈಗೆ ಸಿಕ್ಕ ಕಡೆ ಸರಪಳಿ ಸಿಕ್ಕಿಸಿ, ಕ್ಲಚ್ಚು ಥಟ್ಟನೆ ಬಿಡುವುದು ರೂಢಿ. ಸರಪಳಿ ಕೆಳಗಿನ ಡ್ರಾಬಾರ್‌ಗೆ ಇದ್ದರೆ ಎಳೆತ ಹಿಂದಿನ ಅಚ್ಚಿಗಿಂತ ಕೆಳಗೆ ಬೀಳುತ್ತದೆ, ಟ್ರ್ಯಾಕ್ಟರ್‌ನ ಮೂತಿ ನೆಲದ ಮೇಲೆಯೇ ಇರುತ್ತದೆ. ಕೈಗೆ ಹತ್ತಿರವೆಂದು ಮೇಲಿನ ಟಾಪ್ ಲಿಂಕಿನ ಜಾಗಕ್ಕೆ ಕಟ್ಟಿದರೆ ಎಳೆತ ಅಚ್ಚಿಗಿಂತ ಮೇಲಾಗುತ್ತದೆ. ಹಿಂದಿನ ಗಾಲಿ ಕೆಸರಿನಲ್ಲಿ ಅಲುಗದೆ ನಿಂತಾಗ ಎಂಜಿನ್ನಿನ ಶಕ್ತಿ ಟ್ರ್ಯಾಕ್ಟರನ್ನೇ ಎತ್ತಿ ಚಾಲಕನ ಮೇಲೆ ಮಗುಚುತ್ತದೆ. ಕ್ಲಚ್ಚಿಗೆ ಮತ್ತೆ ಕಾಲು ಹೋಗುವಷ್ಟು ಹೊತ್ತೂ ಸಿಗುವುದಿಲ್ಲ. ಜಾತ್ರೆಯಲ್ಲಿ ಮುಂದಿನ ಗಾಲಿ ಏಳುವುದನ್ನು ಗತ್ತು ಎಂದು ನೋಡಿ ಕಲಿತ ಹುಡುಗ ಹೊಲದಲ್ಲಿ ಅದನ್ನು ಅಪಾಯವೆಂದು ಗುರುತಿಸುವುದಾದರೂ ಹೇಗೆ?

ಎಳೆಯುವುದಕ್ಕೂ ಒಂದು ಕ್ರಮವಿದೆ. ಅಮೆರಿಕದಂಥ ದೇಶಗಳಲ್ಲಿ ಪಿಕಪ್ ವಾಹನದ ಹಿಂದಿನ ಗುಂಡಾಕಾರದ ಕೊಂಡಿಗೆ ಟ್ರೇಲರ್ ಸಿಕ್ಕಿಸಿ ಜೆಸಿಬಿಯಂಥ ಯಂತ್ರಗಳನ್ನೇ ಸಾಗಿಸುತ್ತಾರೆ. ನಮ್ಮಲ್ಲಿ ಬೊಲೆರೊ ಪಿಕಪ್ ಇರುವುದು ಬೆನ್ನ ಮೇಲೆ ಹೊರುವುದಕ್ಕೆ; ರಾಶಿ ಮಷಿನ್‌ನಿಂದ ಹಿಡಿದು ಕಬ್ಬಿನವರೆಗೆ ಎಳೆಯುವ ಕೆಲಸವೆಲ್ಲ ಟ್ರ್ಯಾಕ್ಟರ್‌ನದು. ಅವರ ರೂಢಿಯಲ್ಲಿ ನನಗೆ ಹಿಡಿಸಿದವು ಎರಡು. ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಮೂತಿಯ ಮೇಲೆ ಬೀಳುವಂತೆ ಹೇರುತ್ತಾರೆ. ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಹಾಕುತ್ತಾರೆ. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಕುಕ್ಕದೆ ಸರಪಳಿಯ ಮೇಲೆ ಕೂರುತ್ತದೆ.

ಇವುಗಳಲ್ಲಿ ಮೊದಲನೆಯದನ್ನು ನಾವು ಹೊರಗಿನಿಂದ ಕಲಿಯಬೇಕಾಗಿಯೇ ಇಲ್ಲ. ಚಕ್ಕಡಿ ಹೇರಿದ ಪ್ರತಿಯೊಬ್ಬ ರೈತನಿಗೂ ಮುಂಭಾರ, ಹಿಂಭಾರ ಗೊತ್ತಿತ್ತು. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಕೆಡುತ್ತದೆ, ಹಿಂಭಾರವಾದರೆ ಮೂಕಿ ಎದ್ದು ಕೊರಳಿಗೆ ಬಿಗಿಯುತ್ತದೆ. ಹೊರಡುವ ಮುನ್ನ ನೊಗ ಎತ್ತಿ ತೂಗಿ ನೋಡಿ, ಒಂದೆರಡು ಚೀಲ ಹಿಂದೆ ಮುಂದೆ ಸರಿಸುತ್ತಿದ್ದರು. ಗಾಲಿಯ ಕಡಾಣಿ ಮುಟ್ಟಿ ನೋಡದೆ ಯಾರೂ ಹೊರಡುತ್ತಿರಲಿಲ್ಲ. ತಪ್ಪಿದರೆ ಎತ್ತು ಕೂಡಲೇ ತಕರಾರು ಹೇಳುತ್ತಿತ್ತು. ಟ್ರ್ಯಾಕ್ಟರ್ ಹಾಗೆ ಹೇಳುವುದಿಲ್ಲ, 45 ಎಚ್‌ಪಿ ಎಲ್ಲ ತಪ್ಪನ್ನೂ ನುಂಗಿಕೊಂಡು ಹೊರಡುತ್ತದೆ. ಹಿಂಭಾರವಾದ ಎರಡು ಗಾಲಿಯ ಟ್ರೇಲರ್ ಹಿಂದಿನಿಂದ ಟ್ರ್ಯಾಕ್ಟರ್‌ನ ಬಾಲ ಎತ್ತುತ್ತಿರುತ್ತದೆ, ದೊಡ್ಡ ಗಾಲಿಯ ಹಿಡಿತ ಸಡಿಲುತ್ತದೆ, ಟ್ರೇಲರ್ ಅತ್ತಿತ್ತ ಓಲಾಡುತ್ತದೆ. ಹತ್ತಿ ಅಂಡಿಗೆ, ಕಡಲೆ ಹೊಟ್ಟು, ಜೋಳದ ಕಣಿಕೆ ಹೇರುವಾಗ ಹಿಂದಿನ ಫಾಲ್ಕದ ಆಚೆಗೂ ಒಟ್ಟುವ ಚಟ ನಮ್ಮದು. ಹಿಂದಿನ ಕೆಂಪು ದೀಪ, ಪ್ರತಿಫಲಕ ಎರಡೂ ಆ ಮೇವಿನಡಿ ಮುಚ್ಚಿಹೋಗುತ್ತವೆ. ರಾತ್ರಿ ಹುಬ್ಬಳ್ಳಿ–ಗದಗ ಹೆದ್ದಾರಿಯಲ್ಲಿ ಹಿಂದೆ ಬರುವ ಬೈಕಿನವನಿಗೆ ಕತ್ತಲಲ್ಲಿ ಇನ್ನೊಂದು ಕತ್ತಲು, ಅಷ್ಟೆ.

ಇನ್ನು ಟ್ರೇಲರ್ ಮೂತಿಯ ಬಳೆಯನ್ನು ಟ್ರ್ಯಾಕ್ಟರ್‌ಗೆ ಸೇರಿಸುವ ಪಿನ್ನು. ಯಾವುದಾದರೂ ಹಳೆಯ ಟ್ರೇಲರ್‌ನ ಪಿನ್ನನ್ನು ಹೊರಗೆಳೆದು ಒರೆಸಿ ನೋಡಿ. ಮೇಲೂ ಕೆಳಗೂ ಮೂಲ ದಪ್ಪ ಉಳಿದಿರುತ್ತದೆ, ನಡುವೆ ಟ್ರೇಲರ್‌ನ ಬಳೆ ಉಜ್ಜುವ ಕಡೆ ಮಾತ್ರ ಸವೆದು, ಕನ್ನಡಿಯಂತೆ ಹೊಳೆಯುವ ನಡು ಮೂಡಿರುತ್ತದೆ. ಭಾರವೆಲ್ಲ ಬೀಳುವುದು ಆ ನಡುವಿನ ಮೇಲೆಯೇ. ಪಿನ್ನು ಮೇಲೆ ಜಿಗಿಯದಂತೆ ತಡೆಯುವ ಚಿಕ್ಕ ಲಾಕ್ ಪಿನ್ ಕಳೆದುಹೋಗಿ ಆ ತೂತಿನಲ್ಲಿ ತಂತಿಯೋ ಮೊಳೆಯೋ ಇರುತ್ತದೆ, ಇಲ್ಲವೇ ಏನೂ ಇರುವುದಿಲ್ಲ. ಸರಪಳಿ ಯಾಕಿಲ್ಲ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಏನೂ ಆಗೂದಿಲ್ಲ ಬಿಡ್ರೀ ಅಣ್ಣಾರ, ದಿನಾ ಹೊಡೀತೀವಲ್ಲ.’ ಲಕ್ಷಗಟ್ಟಲೆ ಸಾಲ ಮಾಡಿ ಟ್ರ್ಯಾಕ್ಟರ್ ತರುವವನು ಷೋರೂಮಿನಲ್ಲಿ ಎಚ್‌ಪಿ ಕೇಳುತ್ತಾನೆ, ಹೈಡ್ರಾಲಿಕ್ ಎಷ್ಟು ಎತ್ತುತ್ತದೆ ಎಂದು ಕೇಳುತ್ತಾನೆ, ಟೇಪಿನ ವಾಲ್ಯೂಮು ಸಹ ಪರೀಕ್ಷಿಸುತ್ತಾನೆ. ಕೊಂಡಿ ಎಷ್ಟು ಭಾರ ತಡೆಯುತ್ತದೆ ಎಂಬ ಪ್ರಶ್ನೆ ಏಳುವುದಿಲ್ಲ.

ನಿಲ್ಲಿಸುವ ವಿಷಯ ಇನ್ನೂ ಕೆಟ್ಟದು. ನಮ್ಮ ಟ್ರ್ಯಾಕ್ಟರ್‌ಗಳಿಗೆ ಬ್ರೇಕು ಇರುವುದು ಹಿಂದಿನ ಗಾಲಿಗಳಿಗೆ. ಎಡಕ್ಕೊಂದು ಬಲಕ್ಕೊಂದು ಪೆಡಲು. ಹೊಲದ ತುದಿಯಲ್ಲಿ ತಟ್ಟನೆ ತಿರುಗಲಿ ಎಂದು ಬೇರೆ ಬೇರೆ ಇಟ್ಟದ್ದು. ರಸ್ತೆಗೆ ಬಂದಾಗ ಎರಡನ್ನೂ ಸೇರಿಸುವ ಚಿಲಕ ಹಾಕಬೇಕು. ಹಾಕದೆ ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಒಂದು ಬದಿಗೆ ಹೊರಳುತ್ತದೆ, ಬ್ರೇಕೇ ಇಲ್ಲದ ಟ್ರೇಲರ್ ಹಿಂದಿನಿಂದ ನೂಕುತ್ತದೆ. ಕಲಘಟಗಿ ಕಡೆಯ ಏರಿಳಿತದಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಯುವವರಿದ್ದಾರೆ. ಎರಡು ಟನ್ನಿನ ಟ್ರ್ಯಾಕ್ಟರನ್ನು ಅದರ ಹಲವು ಪಟ್ಟು ತೂಕದ ಕಬ್ಬು ಬೆನ್ನಟ್ಟಿರುವಾಗ, ವೇಗ 15ರಿಂದ 30 ಕಿ.ಮೀ.ಗೆ ಏರಿದರೆ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಕಾನೂನು ಏನೂ ಹೇಳಿಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡ ಹೇಳುತ್ತದೆ. ಸುಗ್ಗಿಯಲ್ಲಿ ರೈತನ ಮೇಲೆ ಅದನ್ನು ಪ್ರಯೋಗಿಸಲು ಯಾವ ಅಧಿಕಾರಿಗೂ ಮನಸ್ಸಿಲ್ಲ, ಆ ಹಿಂಜರಿಕೆ ನನಗೂ ಅರ್ಥವಾಗುತ್ತದೆ. ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಟ್ರ್ಯಾಕ್ಟರ್ ಚಾಲಕನ ಪರವಾನಗಿ ಅಸಿಂಧುವಾಗುವುದಿಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿಮೆಗಾಗಿ ಅಲೆಯುವ ಕುಟುಂಬಗಳಿಗೆ ಅದು ನ್ಯಾಯವೇ. ಆದರೆ ಟ್ರೇಲರ್ ಎಳೆಯುವುದು ಬೇರೆಯೇ ವಿದ್ಯೆ ಎಂಬುದನ್ನು ಕಲಿಸುವ ಹೊಣೆ ಯಾರ ಮೇಲೂ ಬೀಳಲಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಟ ಟ್ರೇಲರ್‌ಗೂ ಹೊಟ್ಟು ಹೇರಿದ ಟ್ರೇಲರ್‌ಗೂ ಕೊಂಡಿ ಅದೇ, ಸವೆದ ಪಿನ್ನೂ ಅದೇ.

ದಂಡಕ್ಕಿಂತ ವೇಬ್ರಿಡ್ಜಿನ ಮೇಲೆ ನನಗೆ ನಂಬಿಕೆ ಹೆಚ್ಚು. ಹಳಿಯಾಳದ ಕಾರ್ಖಾನೆಗೆ ಹೋಗುವ ಕಬ್ಬಾಗಲಿ, ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಬರುವ ಕಾಳಾಗಲಿ ಅದರ ಮೇಲೆ ನಿಲ್ಲಲೇಬೇಕು. ಸುಗ್ಗಿಯಲ್ಲಿ ಸಾಲು ಹಚ್ಚಿ ಗಂಟೆಗಟ್ಟಲೆ ಕಾಯುವುದೂ ಉಂಟು. ಆ ಹೊತ್ತಿನಲ್ಲಿ ಒಬ್ಬ ಆಳು ಪಿನ್ನು ಎತ್ತಿ ನೋಡಿ, ಸರಪಳಿ ಜಗ್ಗಿ, ಹಿಂದೆ ಪ್ರತಿಫಲಕ ಕಾಣುತ್ತದೆಯೇ ಎಂದು ಬ್ಯಾಟರಿ ಬಿಟ್ಟು ಪರೀಕ್ಷಿಸಬಹುದು. ಸವೆದಿದ್ದರೆ ಅಲ್ಲೇ ಹೊಸ ಪಿನ್ನು ಕೊಟ್ಟು, ಅದರ ದುಡ್ಡನ್ನು ಬಿಲ್ಲಿನಲ್ಲಿ ಮುರಿದುಕೊಳ್ಳಲಿ. ಬೀಜ, ಗೊಬ್ಬರದ ಬಾಕಿಯನ್ನೇ ಬಿಲ್ಲಿನಲ್ಲಿ ಮುರಿದುಕೊಳ್ಳುವ ವ್ಯವಸ್ಥೆಗೆ ಒಂದು ಕಬ್ಬಿಣದ ತುಂಡು ಹೆಚ್ಚಿನ ಲೆಕ್ಕವಲ್ಲ.