ಕರೆಂಟು ಹೋದರೂ ಉಳಿಯುವ ಲೆಕ್ಕ

ಬೀದರಿನಿಂದ ಉದಗೀರಕ್ಕೋ ನಿಲಂಗಾಕ್ಕೋ, ಬಸವಕಲ್ಯಾಣದಿಂದ ಉಮರ್ಗಾಕ್ಕೋ ಬಸ್ಸು ಹತ್ತಿದಾಗ ಕಂಡಕ್ಟರರ ಕೈಯಲ್ಲಿನ ಟಿಕೆಟ್ ಮಷಿನ್ ನೋಡಿ ನನಗೆ ಗೌರವ ಹುಟ್ಟುತ್ತದೆ. ಚೀಟಿ ಹೊರಬರುತ್ತಿರುವಾಗಲೇ ಬ್ಯಾಟರಿ ಸತ್ತರೂ ಅದುವರೆಗಿನ ಲೆಕ್ಕ ಉಳಿದಿರಬೇಕು. ಅದು ಸಣ್ಣ ಕೆಲಸವಲ್ಲ.

ಇಂಥ ಮಷಿನ್‌ಗಳು ಲೆಕ್ಕ ಬರೆದಿಡುವ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದದ್ದರ ಮೇಲೆಯೇ ತಿದ್ದಿ ಬರೆಯಲಾಗದು. ಇಡೀ ಬ್ಲಾಕನ್ನು ಅಳಿಸಬೇಕು. ಅಳಿಸಿದಷ್ಟೂ ಅದು ಸವೆಯುತ್ತದೆ. ಅಳಿಸಿ ಬರೆಯುವ ನಡುವೆ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಇಂಥ ಪುಟ್ಟ ಸಾಧನಗಳಿಗೆಂದೇ ಆರ್ಮ್ ಕಂಪನಿಯ ಕ್ರಿಸ್ಟೋಫರ್ ಹ್ಯಾಸ್ಟರ್ 2017ರಲ್ಲಿ ಹೊರತಂದ ಲಿಟ್ಲ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ಮಿನ ಜಾಣ್ಮೆಗೆ ನಾನು ಸೋತಿದ್ದೇನೆ. ಉದಗೀರದ ಅಡತಿ ಅಂಗಡಿಯ ಮುನೀಮರಂತೆ ಅದು, ಹೊಸ ಪುಟದಲ್ಲಿ ಲೆಕ್ಕ ಪೂರ್ತಿ ಇಳಿಸಿ ತಾಳೆ ನೋಡುವವರೆಗೆ ಹಳೆಯ ಪುಟವನ್ನು ಹೊಡೆದುಹಾಕುವುದಿಲ್ಲ. ಪ್ರತಿ ಡೈರೆಕ್ಟರಿಯ ವಿವರಕ್ಕೂ ಎರಡು ಬ್ಲಾಕುಗಳ ಜೋಡಿ. ಯಾವುದು ಹೊಸದೆಂದು ತಿಳಿಸಲು ಒಂದು ಸಂಖ್ಯೆ, ಪ್ರತಿ ಬದಲಾವಣೆಯ ಕೊನೆಗೆ 32 ಬಿಟ್‌ಗಳ ಸಿಆರ್‌ಸಿ ತಾಳೆಮೊತ್ತ. ಮಷಿನ್ ಮತ್ತೆ ಶುರುವಾದಾಗ ತಾಳೆಯಾದ ಕೊನೆಯ ಬರಹವನ್ನಷ್ಟೇ ನಂಬುತ್ತದೆ. ಅರ್ಧ ಬರೆದದ್ದು ಎಣಿಕೆಗೇ ಬರದು. ಫೈಲು ಎಷ್ಟೇ ಬೆಳೆಯಲಿ, ಅದು ಕೇಳುವ ರ‍್ಯಾಮ್ ಬೆಳೆಯುವುದಿಲ್ಲ. ನನಗೆ ಅತಿ ಪ್ರಿಯವಾದ ಗುಣವೇ ಇದು. ಬರೆಯುವ ಜಾಗವನ್ನೂ ಬದಲಿಸುತ್ತ ಹೋಗಿ ಸವೆತವನ್ನು ಹಂಚುತ್ತದೆ.

ಒಂದು ಎಚ್ಚರ ಮಾತ್ರ ಬೇಕು. ತಾಳೆಮೊತ್ತ ಕಾಯುವುದು ಡೈರೆಕ್ಟರಿಯ ವಿವರಗಳನ್ನು. ದೊಡ್ಡ ಫೈಲಿನೊಳಗಿನ ಮಾಹಿತಿಗೆ ಆ ಕಾವಲಿಲ್ಲ. ಟಿಕೆಟ್ ಲೆಕ್ಕವೋ ಮೀಟರ್ ರೀಡಿಂಗೋ ಬರೆದಿಡುವ ಪ್ರೋಗ್ರಾಮು ಪ್ರತಿ ದಾಖಲೆಗೂ ತನ್ನದೇ ಸಿಆರ್‌ಸಿ ಸೇರಿಸಿಕೊಳ್ಳಬೇಕು.